ಮಾತು ಮುಗಿದ ಮೇಲೆ ದೀಪ

ಆ ಜಪಾನಮ್ಮ ಹೋಗ್ಬಿಟ್ಟಳಂತೆ. ಸುದ್ದಿ ಹೆಂಗೆ ಬಂತು, ಯಾವ ಹೊತ್ತಲ್ಲಿ ಬಂತು ಅನ್ನೋದನ್ನ ಕೊನೆಗೆ ಹೇಳ್ತೀನಿ. ಮೊದಲು ಆವಮ್ಮ ಎಂಥೋಳು ಅಂತ ನಿಮಗೆ ಗೊತ್ತಾಗಬೇಕು. ಹೆಸರು ಬರೆಯಲ್ಲ. ಆ ಹೆಸರು ನನ್ನ ನಾಲಿಗೇಲಿ ಒಂದು ದಿನವೂ ನೆಟ್ಟಗೆ ಹೊರಳಲಿಲ್ಲ, ಬಾಯಲ್ಲಿ ಹೊರಳದ್ದನ್ನ ಕೈಯಲ್ಲಿ ಬರೆದು ಏನಾಗಬೇಕು. ನಾವೆಲ್ಲ ಜಪಾನಮ್ಮ ಅಂತಲೇ ಕರೆದಿದ್ದು, ಆವಮ್ಮನೂ ಅದಕ್ಕೇ ಓ ಅಂದಿದ್ದು.

ನಾನಾಗ ಹಿಂದೂಪುರದಲ್ಲಿ ಮುದುಕರ ಆಶ್ರಮದಲ್ಲಿ ಆಯಾ ಕೆಲಸಕ್ಕಿದ್ದೆ. ಹಾಸಿಗೆ ಹಿಡಿದೋರು, ಕೈಕಾಲು ಬಿದ್ದೋರು, ನೋಡಿಕೊಳ್ಳೋಕೆ ಜನ ಇಲ್ಲದೋರು, ಜನ ಇದ್ದೂ ಇಲ್ಲದೋರು, ಅಂಥೋರ ಜಾಗ ಅದು. ಅದಕ್ಕೂ ಮುಂಚೆ ಹುಣಸೆಹಣ್ಣಿನ ಗೋಡೌನಾಗಿತ್ತಂತೆ. ಸುಣ್ಣ ಎಷ್ಟು ಸಲ ಬಳಿದರೂ ಮಳೆ ಬಂದ ದಿನ ಗೋಡೆ ಹುಳಿ ವಾಸನೆ ಹೊಡೆಯೋದು. ನೆಲದ ಬಿರುಕಲ್ಲಿ ಪೊರಕೆ ಕಡ್ಡಿ ಆಡಿಸಿದರೆ ಹುಣಸೆ ಬೀಜ ಬರೋದು. ಉದ್ದಕ್ಕೆ ಒಂದೇ ಹಾಲು, ಎರಡೂ ಗೋಡೆಗೆ ಮಂಚ, ಕೊನೇಲಿ ದೇವರ ಗೂಡು. ಆಶ್ರಮದೋರದೇ ಇನ್ನೊಂದು ಚಿಕ್ಕ ಮನೆ ಕಲ್ಯಾಣದುರ್ಗದಲ್ಲಿತ್ತು. ಈಗ ನಾನಿರೋದು ಅಲ್ಲೇ, ಅದರ ಹಿಂದಿನ ರೂಮಲ್ಲಿ.

ನಮ್ಮದು ಹಗಲು ಡ್ಯೂಟಿ, ರಾತ್ರಿ ಡ್ಯೂಟಿ ಅಂತ ಎರಡು ಪಾಳಿ. ಹೋಗೋಳು ಬರೋಳಿಗೆ ಡ್ಯೂಟಿ ಒಪ್ಪಿಸಬೇಕು. ಈ ಅಜ್ಜಿಗೆ ಜ್ವರ, ಆ ತಾತನ ಬೆನ್ನಲ್ಲಿ ಹುಣ್ಣು, ಇವರು ಅನ್ನ ಮುಟ್ಟಲಿಲ್ಲ ಅಂತ. ಬರೆದಿಡೋಕೆ ನಮ್ಮಲ್ಲಿ ಯಾರಿಗೂ ಸರಿಯಾಗಿ ಬರ್ತಿರಲಿಲ್ಲ. ನನಗೆ ಬರೋದೂ ಇಷ್ಟೇ, ನೋಡ್ತಾ ಇದೀರಲ್ಲ. ಬಾಯಲ್ಲೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋಗೋದು.

ಒಂದು ದಿನ ಮೇನೇಜರು ಎಲ್ಲರನ್ನೂ ಕರೆದು ಹೇಳಿದ. "ಜಪಾನಿಂದ ಒಬ್ಬಮ್ಮ ಬತ್ತಾವ್ರೆ. ಅವರ ದೇಶದಲ್ಲಿ ಮುದುಕರ ಮನೆಗಳಿಗೆ ಹೋಗಿ ಕೆಲಸದೋರನ್ನ ನೋಡೋದೇ ಅವರ ಕೆಲಸ. ಇಲ್ಲೂ ಸ್ವಲ್ಪ ದಿನ ಇದ್ದು ನಿಮ್ಮನ್ನ ನೋಡ್ತಾರೆ."

ನೋಡ್ತಾರೆ ಅಂದರೆ ಏನರ್ಥ? ಯಾರನ್ನೋ ಮನೆಗೆ ಕಳಿಸ್ತಾರೆ ಅಂತ ಅರ್ಥ. ನಾವು ಫಿನಾಯಿಲು ಸುರಿದು ನೆಲ ತೊಳೆದೆವು, ಬೆಡ್‌ಶೀಟು ಬದಲಾಯಿಸಿದೆವು, ಬ್ರಹ್ಮಸಮುದ್ರದ ಅಕ್ಕ ಅಂತ ಒಬ್ಬಳಿದ್ದಳು, ನಮ್ಮೆಲ್ಲರಿಗಿಂತ ಹಳಬಳು, ಅವಳು ಎಲೆ ಅಡಿಕೆ ಚೀಲವನ್ನೇ ಬಚ್ಚಿಟ್ಟಳು.

ಬಂದೋಳು ನೆಲ ನೋಡಲಿಲ್ಲ, ಬೆಡ್‌ಶೀಟು ನೋಡಲಿಲ್ಲ. ನನಗಿಂತ ಐದಾರು ವರ್ಷ ಚಿಕ್ಕೋಳು, ಕುಳ್ಳಗೆ, ಗಂಡಸರ ಥರ ಕ್ರಾಪು, ಚೆಲುವೆ ಏನಲ್ಲ. ಬಾಗಿಲಲ್ಲಿ ನಿಂತು ಸೊಂಟ ಬಗ್ಗಿಸಿ ಎಲ್ಲರಿಗೂ ನಮಸ್ಕಾರ ಮಾಡಿದಳು. ಕಸ ಗುಡಿಸೋಳಿಗೂ ಬಗ್ಗಿದಳು. ಹಾಲು ಹಾಕೋಕೆ ಬಂದಿದ್ದ ಮುದುಕ ತನಗೆ ಅಂತ ಗೊತ್ತಾಗದೆ ಹಿಂದೆ ತಿರುಗಿ ನೋಡಿದ. ಆಮೇಲೆ ಬಾಗಿಲಾಚೆ ಚೆಲ್ಲಾಪಿಲ್ಲಿ ಬಿದ್ದಿದ್ದ ನಮ್ಮ ಚಪ್ಪಲಿಗಳನ್ನೆಲ್ಲ ಕೈಯಲ್ಲಿ ಎತ್ತಿ, ಜೋಡಿ ಮಾಡಿ, ಮೂತಿ ಬೀದಿ ಕಡೆಗಿಟ್ಟಳು. ನನಗೆ ಮೈ ಉರಿದುಹೋಯಿತು. "ಬಂದ ದಿನವೇ ಚಪ್ಪಲಿ ಮುಟ್ಟಿ ನಮಗೆ ಪಾಪ ಕಟ್ಟಿದಳಲ್ಲಾ ಇವಳು" ಅಂದೆ. ಕಲ್ಯಾಣದುರ್ಗದ ಕಡೆ ನರ್ಸು, ನಾವು ಸಿಸ್ಟರಮ್ಮ ಅಂತಿದ್ದೋಳು, ಅವಳಿಗೆ ಇಂಗ್ಲಿಷು ಬರ್ತಿತ್ತು. ನಾನಂದಿದ್ದನ್ನ ಹಂಗಂಗೇ ಆವಮ್ಮನಿಗೆ ಹೇಳಿಬಿಟ್ಟಳು. ಆವಮ್ಮ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕು, ಇನ್ನೊಂದು ಸಲ ನನಗೇ ಬಗ್ಗಿದಳು. ಇರುವಷ್ಟು ದಿನವೂ ಚಪ್ಪಲಿ ಜೋಡಿಸೋದು ಬಿಡಲಿಲ್ಲ.

ನೋಡೋಕೆ ಬಂದೋಳು ಅಂದನಲ್ಲ ಮೇನೇಜರು, ಅದು ಸುಳ್ಳು. ಕೇಳೋಕೆ ಬಂದೋಳು. ಡ್ಯೂಟಿ ಒಪ್ಪಿಸೋ ಹೊತ್ತಿಗೆ ಮೂಲೇಲಿ ಸ್ಟೂಲು ಹಾಕಿಕೊಂಡು ಕೂರೋಳು. ಮೊದಮೊದಲು ಸಿಸ್ಟರಮ್ಮ ಪಕ್ಕದಲ್ಲಿ ಕೂತು ಪಿಸುಪಿಸು ತಿಳಿಸೋಳು, ಆಮೇಲಾಮೇಲೆ ಆವಮ್ಮನೇ ಅರ್ಧ ತೆಲುಗು ಅರ್ಧ ಕನ್ನಡ ಕಲಿತುಕೊಂಡಳು. ಪಕ್ಕದಲ್ಲಿ ಎರಡು ಸ್ಟೀಲು ಬಟ್ಟಲು. ಒಂದರಲ್ಲಿ ನಮ್ಮ ನೆಲದಿಂದಲೇ ಹೆಕ್ಕಿ ತೊಳೆದ ಹುಣಸೆ ಬೀಜ. ನಾವು ಒಂದು ಸಂಗತಿ ಹೇಳಿದರೆ ಒಂದು ಬೀಜ ತೆಗೆದು ಮಡಿಲಿಗೆ ಹಾಕಿಕೊಳ್ಳೋಳು. ಬಿಸಿಲೇರಿದ ಮೇಲೆ ಬಂದು, ಕೇಳಿಸಿಕೊಂಡವಳನ್ನ ಹಿಡಿಯೋಳು. ಬೆಳಿಗ್ಗೆ ನಿನಗೆ ಏನೇನು ಹೇಳಿದರು, ಹೇಳು. ನೆನಪಿದ್ದು ಹೇಳಿದ್ದಕ್ಕೆಲ್ಲ ಬೀಜ ಎರಡನೇ ಬಟ್ಟಲಿಗೆ ಹೋಗೋದು. ಕೊನೆಗೆ ಮಡಿಲಲ್ಲಿ ಉಳಿದ ಬೀಜಗಳನ್ನ ಅಂಗೈಯಲ್ಲಿಟ್ಟು ತೋರಿಸೋಳು. ಬೈಯೋದಿಲ್ಲ, ಗದರೋದಿಲ್ಲ.

"ಇದು ದಾರೀಲಿ ಬಿತ್ತು" ಅನ್ನೋಳು. ಅಷ್ಟೇ.

ಬೈದಿದ್ದರೆ ನಾವೂ ಬೈಯಬಹುದಿತ್ತು. ಬಿದ್ದ ಬೀಜ ನೋಡಿ ಏನಂತ ಬೈಯೋದು?

ಇನ್ನೊಂದು ಚಾಳಿ ಇತ್ತು. ನಾವು ಏನೇ ಹೇಳಲಿ, "ಹೆಂಗೆ?" ಅನ್ನೋಳು. ತಾತ ಊಟ ಮಾಡ್ದ ಅಂದರೆ, ಹೆಂಗೆ? ಅಜ್ಜಿ ಮಲಗಿದಳು ಅಂದರೆ, ಹೆಂಗೆ? ಎಡಕ್ಕೋ ಬಲಕ್ಕೋ, ಎದ್ದಾಗ ಮುಖ ಹೆಂಗಿತ್ತು? ಬ್ರಹ್ಮಸಮುದ್ರದ ಅಕ್ಕ ಒಂದು ದಿನ ತಡೀಲಾರದೆ, "ಮನುಷ್ಯರು ಮಲಗೋ ಹಂಗೆ ಮಲಗಿದಳು ಕಣಮ್ಮ, ಬಾವಲಿ ಹಂಗೆ ನೇತಾಡಿದಳಾ?" ಅಂದಳು. ಅದನ್ನೂ ಸಿಸ್ಟರಮ್ಮನಿಂದ ಕೇಳಿ ತಿಳ್ಕೊಂಡು ಆವಮ್ಮ ಒಂದು ಬೀಜ ಮಡಿಲಿಗೆ ಹಾಕಿಕೊಂಡಳು.

ಒಂದು ಸಲ ಇಬ್ಬರು ಆಯಾಗಳಿಗೆ ಬಕೆಟ್ ವಿಷಯಕ್ಕೆ ಜಗಳ ಆಯಿತು. ಏನು ಬಾಯಿ ಅಂತೀರ. ಯಾವ ದಿನ ಯಾರು ಯಾರ ಬಕೆಟ್ ತಗೊಂಡರು, ಯಾವ ಅಜ್ಜಿಗೆ ಸ್ನಾನ ತಪ್ಪಿತು, ಬಿಸಿನೀರು ಯಾರು ಚೆಲ್ಲಿದರು, ಎಲ್ಲ ಹೊರಗೆ ಬಂತು. ನಾವೆಲ್ಲ ನಾಚಿಕೊಂಡು ತಲೆ ತಗ್ಗಿಸಿದ್ದರೆ ಈ ಪುಣ್ಯಾತಗಿತ್ತಿ ಓಡಿಹೋಗಿ ಬಟ್ಟಲು ತಂದು ಕೂತಳು. ಜಗಳ ಮುಗಿದ ಮೇಲೆ ಇಬ್ಬರನ್ನೂ ಬೇರೆ ಬೇರೆ ಕೇಳಿದರೆ, ಅವಳಂದ ಒಂದೊಂದು ಮಾತೂ ಇವಳಿಗೆ ನೆನಪಿತ್ತು, ಇವಳಂದಿದ್ದು ಅವಳಿಗೆ. ಮಡಿಲಲ್ಲಿ ಒಂದು ಬೀಜವೂ ಉಳಿಯಲಿಲ್ಲ. ಆವಮ್ಮ ಎರಡನೇ ಬಟ್ಟಲು ಎತ್ತಿ ಎಲ್ಲರಿಗೂ ತೋರಿಸಿದಳು. "ಜಗಳ ಚೆನ್ನಾಗಿದೆ" ಅಂದಳು. "ಜಗಳದಲ್ಲಿ ಏನೂ ಬೀಳಲ್ಲ."

ಕಲ್ಯಾಣದುರ್ಗದ ಮನೆಗೂ ಹೋಗಿ ಬರೋಳು. ಬಸ್ಸಲ್ಲಿ ಕುರಿ ಹಿಡ್ಕೊಂಡೋರ ಮಧ್ಯೆ ನಿಂತುಕೊಂಡೇ ನಿದ್ದೆ ಮಾಡ್ತಾಳೆ ಅಂತ ಸಿಸ್ಟರಮ್ಮ ನಗೋಳು. ನಾನೂ ಒಂದು ಸಲ ಜೊತೆಗೆ ಹೋಗಿದ್ದೆ. ಬಸ್ಸಲ್ಲಿ ಕೇಳಿದೆ, "ಏನಮ್ಮಾ, ನಿಮ್ಮ ದೇಶದಲ್ಲಿ ಕೆಲಸದೋರು ಎಲ್ಲ ಸರಿಯಾಗಿ ಹೇಳ್ತಾರಾ?" ಅಂತ. ಇಲ್ಲವಂತೆ. ಅಲ್ಲಿ ಬೀಜದ ಬದಲು ಕಂಪ್ಯೂಟರಿದೆ, ಆದರೆ ಚಿಕ್ಕೋಳು ದೊಡ್ಡೋಳಿಗೆ ಬೇಜಾರಾಗುತ್ತೆ ಅಂತ ಹೇಳೋದೇ ಇಲ್ಲವಂತೆ. ಅರ್ಥ ಆಗದಿದ್ದರೂ ಹೌದು ಹೌದು ಅಂತ ತಲೆ ಆಡಿಸ್ತಾರಂತೆ. "ಹಂಗಾದ್ರೆ ನೀವೂ ನಮ್ಮಂಗೇ ಅನ್ನು" ಅಂದೆ. ನಿನಗೆ ಯಾಕಮ್ಮಾ ಈ ಹುಚ್ಚು ಹತ್ತಿತು ಅಂತಲೂ ಕೇಳಿದೆ. ಏನಾದರೂ ದೊಡ್ಡ ಕತೆ ಇರುತ್ತೆ, ಅಪ್ಪ ಸತ್ತಿದ್ದೋ ಅವ್ವ ಸತ್ತಿದ್ದೋ, ಅಂತ ನಾನು ಸೆರಗು ಸರಿ ಮಾಡ್ಕೊಂಡು ಕೂತೆ. "ಕೆಲಸ" ಅಂದಳು. ಅಷ್ಟೇ ಅಂದು ಕಿಟಕಿ ಆಚೆ ಶೇಂಗಾ ಹೊಲ ನೋಡ್ತಾ ಕೂತಳು. ಅವತ್ತಿಂದ ಆವಮ್ಮ ನನಗೆ ಹಿಡಿಸಿದಳು.

ಈಗ ಆ ತಾತನ ವಿಷಯಕ್ಕೆ ಬರಬೇಕು.

ನಮ್ಮಲ್ಲಿ ಒಬ್ಬ ನೇಕಾರ ತಾತ ಇದ್ದ. ಹಿಂದೂಪುರದೋನೇ, ಜೀವಮಾನವೆಲ್ಲ ಮಗ್ಗದ ಗುಂಡೀಲಿ ಕಾಲು ಇಳಿಬಿಟ್ಟು ಸೀರೆ ನೇಯ್ದೋನು. ಲಕ್ವ ಹೊಡೆದು ಎಡಗಡೆ ಪೂರಾ ಬಿದ್ದಿತ್ತು. ಕೈ, ಕಾಲು, ಬಾಯಿ, ಗಂಟಲು ಕೂಡ. ಮಾತು ತೊದಲು, ಅದೂ ತೆಲುಗು. ಬಲಗೈ ಮಾತ್ರ ಸುಮ್ಮನಿರೋದಿಲ್ಲ, ಹೊದ್ದಿರೋ ದುಪ್ಪಟಿ ಮೇಲೆ ಲಾಳಿ ಎಸೆಯೋ ಹಂಗೆ ಆಡ್ತಾ ಇರೋದು. ಅವನಿಗೆ ಬದುಕಲ್ಲಿ ಉಳಿದಿದ್ದು ಒಂದೇ ರುಚಿ, ಮುದ್ದೆ. ಅವನ ಬಾಯಲ್ಲಿ ಸಂಗಟಿ. ಹುರುಳಿ ಸಾರಲ್ಲಿ ಅದ್ದಿದ ಸಂಗಟಿ ತುತ್ತು ಗಂಟಲಲ್ಲಿ ಇಳಿದಾಗ ಅವನ ಕಣ್ಣು ನೋಡಬೇಕಿತ್ತು.

ಜಪಾನಮ್ಮನಿಗೆ ಮುದ್ದೆ ಕಂಡರೆ ಭಯ. ಅವರ ಕಡೆ ಅಕ್ಕಿದು ಒಂದು ಅಂಟು ಉಂಡೆ ಮಾಡ್ತಾರಂತೆ, ಹಬ್ಬದ ದಿನ ಅದು ಗಂಟಲಿಗೆ ಸಿಕ್ಕಿ ಮುದುಕರು ಸಾಯೋದೂ ಉಂಟಂತೆ. ಇಲ್ಲಿ ನೋಡಿದರೆ ಹಾಸಿಗೆ ಹಿಡಿದೋರು ಅಗಿಯದೆ ನುಂಗ್ತಾ ಅವ್ರೆ. ತಾತನೇ ಆವಮ್ಮನಿಗೆ ಕಲಿಸಿದ. ಮಂಚದ ಪಕ್ಕ ಕೂರಿಸಿಕೊಂಡು, "ನಮಲೊದ್ದು, ಮಿಂಗೆಯ್" ಅನ್ನೋನು. ಅಗಿಯಬೇಡ, ನುಂಗು ಅಂತ. ಆವಮ್ಮ ಅಗಿದು ಅಗಿದು ಹಲ್ಲೆಲ್ಲ ಕರ್ರಗೆ ಮಾಡ್ಕೊಳ್ಳೋಳು. "ಏಮೇ ಕೋಡಲಾ, ಸಂಗಟಿ ತಿನಡಂ ರಾನಿ ದೇಶಮಾ ಮೀದಿ?" ಏನೇ ಸೊಸೆ, ಮುದ್ದೆ ತಿನ್ನೋಕೆ ಬರದ ದೇಶವಾ ನಿಮ್ಮದು ಅಂತ ತೊದಲಿ ತೊದಲಿ ಛೇಡಿಸೋನು. ಕೊನೆಗೊಂದು ದಿನ ಗುಟುಕ್ ಅಂತ ನುಂಗಿದಳು. ತಾತ ಒಂದೇ ಕೈಯಲ್ಲಿ ತೊಡೆ ತಟ್ಟಿದ. ಆಮೇಲೆ ಮಧ್ಯಾಹ್ನ ಇಬ್ಬರೂ ಜೊತೆಗೇ ಉಣ್ಣೋರು.

ವಾರಕ್ಕೊಂದು ಸಲ ಬರೋ ಡಾಕ್ಟ್ರು ಒಂದು ದಿನ ತಾತನ ಎದೆ ನೋಡಿ, ಗುರುಗುಟ್ತಾ ಇದೆ, ಊಟ ಶ್ವಾಸಕ್ಕೆ ಹೋಗ್ತಿರಬೇಕು ಅಂದರು. "ಕೆಮ್ಮು ಬಂದರೆ ಹೇಳಿ. ಮೂಗಿಂದ ಪೈಪು ಹಾಕಿಬಿಡೋಣ, ಹಾಲು ಗಂಜಿ ಅದರಲ್ಲೇ."

ತಾತ ಕೇಳಿಸಿಕೊಂಡ. ನಮ್ಮಲ್ಲಿ ಇನ್ನೊಬ್ಬ ಮುದುಕನಿಗೆ ಪೈಪು ಹಾಕಿದ್ದರು. ಅವನು ಕಿತ್ತು ಹಾಕ್ತಾನೆ ಅಂತ ಎರಡು ಕೈಯನ್ನೂ ಬಟ್ಟೇಲಿ ಮಂಚಕ್ಕೆ ಕಟ್ಟಿದ್ದರು. ತಾತ ಆ ಕಡೆ ನೋಡಿ, ತನ್ನ ಬಲಗೈ ಎತ್ತಿ ನನಗೆ ತೋರಿಸಿದ. ಇದನ್ನೂ ಕಟ್ತೀರಾ ಅಂತ. ಅವನಿಗೆ ಇದ್ದಿದ್ದು ಅದೊಂದೇ ಕೈ.

ಅದಕ್ಕೇ ತಾತನ ಕೆಮ್ಮಿನ ಮಾತು ಯಾರೂ ಆಡಬಾರದು ಅಂತ ಆಯಿತು. ಕೂತು ಮಾಡಿಕೊಂಡ ಒಪ್ಪಂದ ಅಲ್ಲ ಅದು. ಅವನ ಮೇಲೆ ಎಲ್ಲರಿಗೂ ಪ್ರೀತಿ, ಎಲ್ಲರೂ ಬಾಯಿ ಮುಚ್ಚಿಕೊಂಡರು, ಅಷ್ಟೇ. ಒಬ್ಬಳು ಇನ್ನೊಬ್ಬಳಿಗೂ ಹೇಳಲಿಲ್ಲ.

ಜಪಾನಮ್ಮನಿಗೆ ಬೇರೆ ಒಂದು ಅನುಮಾನ ಹತ್ತಿತ್ತು. ಬೆಳಿಗ್ಗೆ ಡ್ಯೂಟಿ ಒಪ್ಪಿಸೋವಾಗ ಮಡಿಲ ತುಂಬ ಬೀಜ. ಸಂಜೆ ನಾಲ್ಕೈದೇ. ಸಂಜೆ ಯಾರನ್ನ ಕೇಳಿದರೂ "ಎಲ್ಲಾ ಚೆನ್ನಾಗವ್ರೆ." ಒಂದು ದಿನ ನನ್ನ ಸೆರಗು ಹಿಡಿದು ಕೇಳಿದಳು, "ಸಂಜೆ ಹೆಂಗೆ ಎಲ್ಲಾ ಚೆನ್ನಾಗ್ ಆಗ್ತಾರೆ?"

"ಚೆನ್ನಾಗಿ ಆಗಲ್ಲ ಕಣಮ್ಮ. ದೀಪ ಹಚ್ಚಿರ್ತೀವಲ್ಲ" ಅಂದೆ.

ಆವಮ್ಮನಿಗೆ ಗೊತ್ತಾಗಲಿಲ್ಲ. ಬಿಡಿಸಿ ಹೇಳಿದೆ. ಸಂಜೆ ದೇವರ ಗೂಡಲ್ಲಿ ದೀಪ ಹಚ್ಚಿದ ಮೇಲೆ ಕೆಟ್ಟ ಮಾತು ಆಡಬಾರದು. ರೋಗ, ಸಾವು, ಇಲ್ಲ, ಆಗಲ್ಲ, ಇಂಥವೆಲ್ಲ ಆ ಹೊತ್ತಲ್ಲಿ ಬಾಯಿಗೆ ಬರಬಾರದು, ಅಂದದ್ದು ಆಗಿಬಿಡುತ್ತೆ. ನಮ್ಮ ಮನೇಲೂ ಆಡಲ್ಲ, ಯಾರ ಮನೇಲೂ ಆಡಲ್ಲ. ನಮ್ಮ ಡ್ಯೂಟಿ ಬದಲಾಗೋದು ದೀಪ ಹಚ್ಚಿದ ಮೇಲೆ, ಆ ದೀಪದ ಮುಂದೆ. ಅಲ್ಲಿ ನಿಂತು ಹುಣ್ಣು, ಭೇದಿ ಅಂತ ಯಾರು ಹೇಳ್ತಾರೆ?

ಆವಮ್ಮ ದೇವರ ಗೂಡಿನ ಕಡೆ ತಿರುಗಿದಳು. "ನಮ್ಮಲ್ಲೂ ಇದೆ ಇಂಥಾದ್ದು" ಅಂದಳು. ಯಾವುದು ಅಂತ ಹೇಳಲಿಲ್ಲ. ಯಾರಿಗೂ ಹಿಂಗೆ ಮಾಡಿ ಹಂಗೆ ಮಾಡಿ ಅನ್ನಲೂ ಇಲ್ಲ. ಯೋಚನೇಲಿದ್ದಳು ಅನ್ಸುತ್ತೆ.

ಯೋಚನೆ ಮುಗಿಯೋಕೆ ಮುಂಚೆ ಅದು ಆಗಿಹೋಯಿತು.

ಅವತ್ತು ಬ್ರಹ್ಮಸಮುದ್ರದ ಅಕ್ಕಂದು ಹಗಲು, ನಂದು ರಾತ್ರಿ. ನಾನು ಬಂದಾಗ ದೀಪ ಹಚ್ಚಿತ್ತು, ಹಗಲಿನೋರೇ ಎಲ್ಲರಿಗೂ ಸಂಜೆ ಊಟ ಮಾಡಿಸಿ ಮುಗಿಸಿದ್ದರು. "ಎಲ್ಲಾ ಚೆನ್ನಾಗವ್ರೆ, ನಾನು ಹೋಯ್ತೀನಿ" ಅಂದಳು ಅಕ್ಕ. ಹೋಗಿಬಾ ಅಂದೆ. ಸ್ವಲ್ಪ ಹೊತ್ತಿಗೆ ತಾತನ ಬಾಯಿಗೆ ಮಾತ್ರೆ ಇಟ್ಟು ನೀರು ಹಾಕಿದೆ. ನೀರು ಒಳಗೆ ಹೋಗಲಿಲ್ಲ. ತಾತನ ಕಣ್ಣು ಮೇಲಕ್ಕೆ ಹೋಯಿತು, ಮುಖ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು, ಆ ಬಲಗೈ ನನ್ನ ರಟ್ಟೆ ಹಿಡಿದುಕೊಂಡಿತು. ನಾನು ಕೂಗಿದ್ದು ಬೀದಿಗೆ ಕೇಳಿಸಿತಂತೆ. ಜಪಾನಮ್ಮ ಎಲ್ಲಿದ್ದಳೋ, ಬಂದವಳೇ ತಾತನನ್ನ ಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ಗುದ್ದಿ, ಬಾಯಿಗೆ ಬೆರಳು ಹಾಕಿ ಕಿತ್ತಳು. ಎಡದವಡೆ ಒಳಗೆ ಅಂಟಿಕೊಂಡಿದ್ದ ಮುದ್ದೆ ತುಂಡು. ತಾತ ಉಸಿರು ಎಳೆದ. ಎಳೆದು, ಕೋಡಲಾ ಅಂದ.

ಆವಮ್ಮ ತಾತನ ಬಾಯಿ ಒರೆಸಿದಳು. ನಾನು ದಿಂಬು ಎತ್ತರಿಸಿದೆ.

ಬೆಳಿಗ್ಗೆ ಸಿಸ್ಟರಮ್ಮ ಡಾಕ್ಟ್ರಿಗೆ ಫೋನ್ ಮಾಡಿದಳು. ನಾಳೆ ಬಂದು ಪೈಪು ಹಾಕ್ತೀನಿ ಅಂದುಬಿಟ್ಟರು ಅವರು. ತಾತನಿಗೆ ಯಾರೂ ಹೇಳಲಿಲ್ಲ, ಅವನಿಗೆ ಗೊತ್ತಾಗಿತ್ತು. ಬಲಗೈಯನ್ನ ದುಪ್ಪಟಿ ಒಳಗೆ ಬಚ್ಚಿಟ್ಟುಕೊಂಡಿದ್ದ.

ಅಷ್ಟೊತ್ತಿಗೆ ಅಕ್ಕ ಡ್ಯೂಟಿಗೆ ಬಂದಳು. ನನಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಸುರುವಾಯಿತು.

"ಏನಕ್ಕಾ, ನಿನ್ನೆ ಸಂಜೆ ತಾತ ಕೆಮ್ಮಿರಲಿಲ್ವಾ?"

"ಕೆಮ್ಮಿದ್ದ. ಏನೀಗ?"

"ನನಗ್ಯಾಕೆ ಹೇಳ್ಲಿಲ್ಲ?"

"ದೀಪ ಹಚ್ಚಿತ್ತು. ನೀನೇನು ಬಾಳ ಹೇಳೋಳು? ಮೊನ್ನೆ ನಿಂದು ಹಗಲು ಡ್ಯೂಟಿ ಇದ್ದಾಗ, ಸಂಜೆ ನಿನ್ನ ಕೈಲಿ ಉಣ್ಣುವಾಗ ಕೆಮ್ಮಿದ್ದ ಅಂತ ಅಡಿಗೆಯೋಳು ನೋಡವಳೆ. ನೀನು ಹೇಳಿದ್ಯಾ?"

"ನನ್ನ ಕೈಲಿ ಮಧ್ಯಾಹ್ನ ಎಷ್ಟು ಸಲ ಉಂಡವ್ನೆ, ಒಂದು ದಿನ ಕೆಮ್ಮಿಲ್ಲ! ಸಂಜೆ ಒಂದೇ!"

"ನನ್ನ ಕೈಲೂ ಮಧ್ಯಾಹ್ನ ಕೆಮ್ಮಲ್ಲ ಕಣೇ ನನ್ನ ಸವತಿ! ಸಂಜೆ ಮಾತ್ರ. ನಾನೇನು ಸಂಜೆ ಮುದ್ದೇಲಿ ಕಲ್ಲು ಹಾಕ್ತೀನಾ?"

ಪಕ್ಕದಲ್ಲಿ ಟಣ್ ಅಂತ ಸದ್ದಾಯಿತು. ನೋಡಿದರೆ ಆವಮ್ಮ ಸ್ಟೂಲ್ ಮೇಲೆ ಕೂತವಳೆ, ಬಟ್ಟಲು ಇಟ್ಕೊಂಡು. ನನಗೆ ಇನ್ನೂ ಸಿಟ್ಟು ಬಂತು. "ಇವಳ ಬೀಜಕ್ಕೆ ಬೆಂಕಿ ಹಾಕ" ಅಂದೆ. ಆವಮ್ಮ ಕೇಳಿಸಿಕೊಳ್ಳಲಿಲ್ಲ. ಎದ್ದು ಬಂದು ನಮ್ಮಿಬ್ಬರ ಮಧ್ಯೆ ನಿಂತಳು. "ಮಧ್ಯಾಹ್ನ ಕೆಮ್ಮಲ್ಲ. ಸಂಜೆ ಕೆಮ್ತಾರೆ. ಸಂಜೆ ಹೆಂಗೆ?"

"ಹೆಂಗೆ ಅಂದ್ರೆ? ಮುದ್ದೆ ಅದೇ, ಸಾರು ಅದೇ" ಅಂದಳು ಅಕ್ಕ.

"ತಾತ ಹೆಂಗೆ?"

ಆಗ ಅಕ್ಕನೇ ಹೇಳಿದಳು, ಏನೋ ಬಿಡು ಅನ್ನೋ ಹಂಗೆ. "ಸಂಜೆ ತಿರುಗಿಸಿ ಮಲಗಿಸ್ತೀವಲ್ಲ."

ತಾತನ ಮಂಚ ಗೋಡೆಗೆ ಸೇರಿಸಿ ಹಾಕಿತ್ತು, ಕಾಲು ದೇವರ ಗೂಡಿನ ಕಡೆಗೆ ಬರೋದು. ಹಗಲು ಹೋಗಲಿ, ದೀಪ ಹಚ್ಚಿದ ಮೇಲೆ ದೇವರ ಕಡೆ ಕಾಲು ಚಾಚಿದರೆ ಹೆಂಗೆ? ಅದಕ್ಕೆ ಸಂಜೆ ದಿಂಬು ಆ ತುದಿಗೆ ಹಾಕಿ ತಲೆ ಅತ್ತ ಕಾಲು ಇತ್ತ ಮಾಡ್ತಿದ್ದೆವು. ಮಧ್ಯಾಹ್ನ ಗೋಡೆ ಅವನ ಎಡಕ್ಕಿರೋದು, ನಾವು ಬಲಕ್ಕೆ ಕೂತು ತಿನ್ನಿಸ್ತಿದ್ದೆವು, ಅವನು ನಮ್ಮ ಕಡೆ, ಚೆನ್ನಾಗಿರೋ ಮಗ್ಗುಲಿಗೆ ವಾಲ್ತಿದ್ದ. ಸಂಜೆ ತಿರುಗಿಸಿದ ಮೇಲೆ ಗೋಡೆ ಬಲಕ್ಕೆ. ನಾವು ಕೂರೋದು ಎಡಕ್ಕೆ. ಅವನು ವಾಲೋದು ಬಿದ್ದ ಮಗ್ಗುಲಿಗೆ. ತುತ್ತು ಜೀವ ಇಲ್ಲದ ದವಡೆಗೆ ಹೋಗಿ ಕೂರೋದು.

ಎಲ್ಲರಿಗೂ ಗೊತ್ತಿದ್ದಿದ್ದೇ. ಒಬ್ಬಳಿಗೆ ಒಂದು ಚೂರು, ಇನ್ನೊಬ್ಬಳಿಗೆ ಇನ್ನೊಂದು ಚೂರು. ಸೇರಿಸಿ ಹೇಳೋ ಹೊತ್ತಲ್ಲಿ ದೀಪ ಉರೀತಿತ್ತು.

ಆವಮ್ಮ ನಮ್ಮ ಮಾತು ನಂಬಿ ಸುಮ್ಮನಾಗಲಿಲ್ಲ. ತಾತನನ್ನ ಕುರ್ಚಿಗೆ ಕೂರಿಸಿ, ತಾನೇ ಆ ಮಂಚದ ಮೇಲೆ ಮಲಗಿದಳು. ಎಡದವಡೇಲಿ ಒಂದು ಹತ್ತಿಯುಂಡೆ ಇಟ್ಟುಕೊಂಡಳು, ಆ ಕಡೆ ಅಲುಗಬಾರದು ಅಂತ. "ತಿನ್ಸು" ಅಂದಳು ನನಗೆ. ಬೆಳಿಗ್ಗೆ ಹೊತ್ತಲ್ಲಿ, ಅಡಿಗೆಯೋಳ ಕೈಲಿ ಮುದ್ದೆ ಮಾಡಿಸಿ, ಬೇರೆ ದೇಶದಿಂದ ಬಂದ ಹೆಂಗಸನ್ನ ಮಲಗಿಸಿ ತುತ್ತು ಇಟ್ಟಿದ್ದು ನಾನೇ. ಹಗಲಿನ ಹಂಗೆ ಮಲಗಿದಾಗ ಇಳಿಯಿತು. ಸಂಜೆಯ ಹಂಗೆ ತಿರುಗಿ ಮಲಗಿದಾಗ ಗಂಟಲಿಗೆ ಸಿಕ್ಕಿ, ಕಣ್ಣಲ್ಲಿ ಮೂಗಲ್ಲಿ ನೀರು ಬಂದು, ಕೆಮ್ಮಿ ಕೆಮ್ಮಿ ನನ್ನ ಸೀರೆ ಮೇಲೆಲ್ಲ ಉಗಿದಳು. ಕುರ್ಚೀಲಿ ಕೂತ ತಾತ ನಕ್ಕ ನಗುವಿಗೆ ಕುರ್ಚಿ ಅಲುಗಾಡ್ತಿತ್ತು. "ನಮಲೊದ್ದು, ಮಿಂಗೆಯ್" ಅಂದ.

ಮರುದಿನ ಡಾಕ್ಟ್ರು ಬಂದಾಗ ಸಿಸ್ಟರಮ್ಮ ಎಲ್ಲ ಹೇಳಿದಳು. ಅವರೂ ಮಲಗಿಸಿ ತಿನ್ನಿಸಿ ನೋಡಿದರು. "ಆಯ್ತು, ಸ್ವಲ್ಪ ದಿನ ಪೈಪು ಬೇಡ. ಆದರೆ ಒಂದು ಕೆಮ್ಮನ್ನೂ ಬಚ್ಚಿಡಬಾರದು. ಹಗಲಿನೋರು ರಾತ್ರಿಯೋರಿಗೆ ಹೇಳಲೇಬೇಕು. ಇನ್ನೊಂದು ಸಲ ಹಿಂಗಾದರೆ ನನ್ನನ್ನ ಕೇಳಬೇಡಿ" ಅಂದರು.

ಮಂಚ ಎದುರು ಗೋಡೆಗೆ ಹಾಕಿದ್ದು ಸುಲಭವಾಯಿತು. ಅಲ್ಲಿ ತಲೆ ದೇವರ ಕಡೆಗೇ ಇರೋದು, ನಾವು ಕೂರೋದೂ ಬಲಕ್ಕೇ. ಹೇಳೋದೇ ಕಷ್ಟ. ದೀಪದ ಮುಂದೆ ಕೆಮ್ಮು ಗಿಮ್ಮು ಅಂತ ನಾನು ಹೇಳೋದಿಲ್ಲ, ಬೇಕಾದರೆ ಕೆಲಸ ಬಿಡ್ತೀನಿ ಅಂದಳು ಅಕ್ಕ. ಅವಳು ಹೇಳಿದ್ದನ್ನೇ ಉಳಿದೋರೂ ಅಂದರು. ಬೇರೆ ಯಾರಾದರೂ ಆಗಿದ್ದರೆ, ಇದೆಲ್ಲ ಮೂಢನಂಬಿಕೆ, ಬಿಡಿ ಅಂತ ಒಂದು ಭಾಷಣ ಬಿಗಿಯೋರು. ಮೇನೇಜರು ಬಿಗಿಯೋಕೆ ಸುರು ಮಾಡಿಯೂ ಇದ್ದ. ಜಪಾನಮ್ಮ ಅವನ ಮುಂದೆ ಬಗ್ಗಿ, ನಿಲ್ಲಿಸಿದಳು. ದೇವರ ಗೂಡಿನ ಹತ್ತಿರ ಹೋಗಿ ಬೆಂಕಿಪೆಟ್ಟಿಗೆ ತಗೊಂಡು ಬಂದು ಅಕ್ಕನ ಕೈಯಲ್ಲಿಟ್ಟಳು.

"ಅಕ್ಕಾ, ಮೊದಲು ಎಲ್ಲಾ ಹೇಳು. ಮಾತು ಮುಗೀಲಿ. ಆಮೇಲೆ ನೀನೇ ದೀಪ ಹಚ್ಚು."

"ಹೊತ್ತು ಮೀರಿದ್ರೆ? ದೇವ್ರನ್ನ ಕತ್ತಲಲ್ಲಿ ಕಾಯಿಸ್ತೀಯಾ?"

ಆವಮ್ಮ ಉತ್ತರ ಕೊಡೋಕೆ ಮುಂಚೆ ಹೊಸ ಜಾಗದಿಂದ ತಾತ ತೊದಲಿದ. ಸಿಸ್ಟರಮ್ಮ ನಗ್ತಾ ಎಲ್ಲರಿಗೂ ಹೇಳಿದಳು. "ದೇವ್ರಿಗೇನು ಲಕ್ವ ಹೊಡೆದಿದೆಯಾ? ಕಾಯ್ತಾನೆ ಬಿಡೇ ಅಂತವ್ರೆ."

ಅಕ್ಕನಿಗೂ ನಗು ಬಂದುಬಿಟ್ಟಿತು. ಬೆಂಕಿಪೆಟ್ಟಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅವತ್ತಿಂದ ನಮ್ಮ ಆಶ್ರಮದಲ್ಲಿ ಮಾತು ಮುಗಿದ ಮೇಲೇ ದೀಪ. ಹಗಲಿನೋರು ಒಪ್ಪಿಸೋರು, ರಾತ್ರಿಯೋರು ತಿರುಗಿ ಹೇಳೋರು, ಬಿದ್ದ ಬೀಜ ಇದ್ದರೆ ಆವಮ್ಮ ಕೈಯಲ್ಲಿಟ್ಟು ತೋರಿಸೋಳು, ಅದನ್ನೂ ಹೇಳಿದ ಮೇಲೆ ಅಕ್ಕ ಕಡ್ಡಿ ಗೀರೋಳು. ಕೆಲವು ದಿನ ಹೇಳೋದು ಜಾಸ್ತಿಯಾಗಿ ಹಾಲೆಲ್ಲ ಕತ್ತಲಾಗಿಬಿಡೋದು. ಕರೆಂಟು ದೀಪ ಹಾಕಿದ್ದರೂ ಅಕ್ಕ ಕತ್ತಲು ಕತ್ತಲು ಅನ್ನೋಳು. ಕಲ್ಯಾಣದುರ್ಗದ ಮನೇಲೂ ಹಂಗೇ ಮಾಡಿದರು.

ತಾತ ಆಮೇಲೆ ಎರಡು ಬೇಸಿಗೆ ಇದ್ದ. ಸತ್ತಿದ್ದು ಪೈಪಿಂದ ಅಲ್ಲ, ಕೆಮ್ಮಿಂದಲೂ ಅಲ್ಲ. ಮಧ್ಯಾಹ್ನ ಸಂಗಟಿ ಉಂಡು ಮಲಗಿದೋನು ಏಳಲಿಲ್ಲ. ಬಲಗೈ ಬಿಡಿಯಾಗಿ ಹೊದಿಕೆ ಮೇಲಿತ್ತು. ಸಂಜೆ ಅಕ್ಕ ಅದನ್ನ ನನಗೆ ಒಪ್ಪಿಸಿದಳು, ಎಷ್ಟು ತುತ್ತು, ಯಾವ ಮಗ್ಗುಲು, ಮುಖ ಹೆಂಗಿತ್ತು, ಎಲ್ಲ. ಆಮೇಲೆ ದೀಪ ಹಚ್ಚಿದಳು. ಜಪಾನಮ್ಮ ಸ್ಟೂಲ್ ಮೇಲಿದ್ದಳು. ಅವತ್ತು ಬಟ್ಟಲು ತಂದಿರಲಿಲ್ಲ.

ಸ್ವಲ್ಪ ದಿನಕ್ಕೆ ಅಂತ ಬಂದು ಅಷ್ಟು ದಿನ ಉಳಿದ ಆವಮ್ಮ ಆ ವರ್ಷವೇ ತನ್ನ ದೇಶಕ್ಕೆ ಹೊರಟಳು. ಹೋಗೋ ದಿನ ಅತ್ತಳಾ ಅಂತ ಕೇಳ್ತಾರೆ ಜನ. ಅಳಲಿಲ್ಲ, ನಾನೂ ಅಳಲಿಲ್ಲ. ಬಾಗಿಲಾಚೆ ನಮ್ಮ ಚಪ್ಪಲಿಗಳನ್ನ ಕೊನೇ ಸಲ ಜೋಡಿಸಿದಳು, ಬಗ್ಗಿದಳು, ಆಟೋ ಹತ್ತಿದಳು. ರೈಲ್ವೆ ಸ್ಟೇಷನ್ನಿಗೆ ಹೋಗಿ ಬಂದ ಸಿಸ್ಟರಮ್ಮನನ್ನ ನಾನು "ಹೆಂಗೆ ಹೋದಳು?" ಅಂತ ಕೇಳಿದೆ. ಕಿಟಕಿ ಪಕ್ಕ, ಬೆಂಗಳೂರು ತನಕ ನಿದ್ದೆ ಮಾಡಬಹುದು ಅಂದಳು.

ಮೊನ್ನೆ ಸಂಜೆ ನನ್ನ ಮೊಬೈಲು ಬಡೀತು. ಕಲ್ಯಾಣದುರ್ಗದ ಈ ರೂಮಲ್ಲಿ ನಾನು ಬತ್ತಿ ಹೊಸೀತಾ ಕೂತಿದ್ದೆ. ಸಿಸ್ಟರಮ್ಮ. ಅವಳು ಸುಮ್ಮನೆ ಫೋನ್ ಮಾಡೋಳಲ್ಲ.

"ಅಜ್ಜೀ, ದೀಪ ಹಚ್ಚಿದ್ರಾ?"

"ಇನ್ನೂ ಇಲ್ಲ ಕಣಮ್ಮ."

"ಹಂಗಾದ್ರೆ ಹೇಳ್ತೀನಿ. ಕೇಳ್ರಿ."

ಹೇಳಿದಳು. ಆವಮ್ಮನಿಗೆ ಕೊನೆಗೆ ಹೊಟ್ಟೇಲಿ ಗಡ್ಡೆ ಆಗಿತ್ತಂತೆ. ತಾನು ಒಂದು ಕಾಲದಲ್ಲಿ ಸ್ಟೂಲ್ ಹಾಕ್ಕೊಂಡು ಕೂತಿದ್ದಂಥ ಒಂದು ಮನೇಲೇ ಇದ್ದಳಂತೆ. ಅಲ್ಲಿ ನೋಡಿಕೊಳ್ಳುತ್ತಿದ್ದ ಹುಡುಗಿಗೆ ಮೊದಲೇ ಸಿಸ್ಟರಮ್ಮನ ನಂಬರು ಕೊಟ್ಟು, ಆದಾಗ ಹೇಳು, ಅವರು ಇನ್ನೊಬ್ಬರಿಗೆ ಹೇಳ್ತಾರೆ ಅಂದಿದ್ದಳಂತೆ. ಇನ್ನೊಬ್ಬರು ಅಂದರೆ ನಾನು.

"ಹೆಂಗೆ?" ಅಂದೆ.

"ಬಲ ಮಗ್ಗುಲಿಗೆ ಮಲಗಿದ್ರಂತೆ. ಬೆಳಿಗ್ಗೆ. ಕಿಟಕಿ ತೆಗೆದಿತ್ತಂತೆ. ಕೈ ಬೆಚ್ಚಗಿತ್ತಂತೆ."

"ಗಂಟಲಲ್ಲಿ ಇಳೀತಿತ್ತಾ?"

"ಇಳೀತಿತ್ತಂತೆ. ಹಿಂದಿನ ದಿನ ಗಂಜಿ ಕುಡಿದ್ರಂತೆ, ಪೂರಾ. ಕೆಮ್ಮಲಿಲ್ಲವಂತೆ. ಪೈಪು ಹಾಕಿರಲಿಲ್ಲ. ಹೋಗೋ ಮುಂಚೆ ಆವಮ್ಮನೇ ಆ ಹುಡುಗಿಯ ಚಪ್ಪಲಿ ಜೋಡಿಸಿದ್ರಂತೆ, ಮಂಚದಿಂದ ಬಗ್ಗಿ, ಕೋಲಲ್ಲಿ."

ನಾನು ಎಲ್ಲ ತಿರುಗಿ ಹೇಳಿದೆ. ಬಲ ಮಗ್ಗುಲು, ಬೆಳಿಗ್ಗೆ, ಕಿಟಕಿ, ಬೆಚ್ಚಗಿನ ಕೈ, ಗಂಜಿ ಪೂರಾ, ಕೆಮ್ಮಿಲ್ಲ, ಪೈಪಿಲ್ಲ, ಚಪ್ಪಲಿ. ಸಿಸ್ಟರಮ್ಮ ಆ ಕಡೆ ಹೂಂ ಹೂಂ ಅಂತಿದ್ದಳು, ಮೂಗು ಎಳೀತಾ. ಅಷ್ಟು ದೂರದಿಂದ, ಗೊತ್ತಿಲ್ಲದ ಭಾಷೆಯೋರ ಬಾಯಿಂದ, ಕಲ್ಯಾಣದುರ್ಗದವರೆಗೆ ಬಂದ ಮಾತು. ದಾರೀಲಿ ಒಂದೂ ಬಿದ್ದಿರಲಿಲ್ಲ.

ಅಷ್ಟೊತ್ತಿಗೆ ರೂಮೆಲ್ಲ ಕತ್ತಲಾಗಿತ್ತು. ಫೋನ್ ಇಟ್ಟು, ದೀಪ ಹಚ್ಚಿದೆ.